ನಲವತ್ತು ಚೌಕಗಳ ನಡುವೆ ಕಳೆದುಹೋದ ಹೆಸರು

ಬೇಸಿಗೆ ರಜೆ ಬಂತು ಅಂದ್ರೆ ನಡುಮನೆಯಲ್ಲಿ ಚಾಪೆ ಹಾಸಿ ಬಿಸಿನೆಸ್ ಆಟ ಆಡದವರು ಯಾರಿದ್ದೀರಿ ಹೇಳಿ? ದೊಡ್ಡವನು ಯಾವನೋ ಒಬ್ಬ ಬ್ಯಾಂಕ್ ಇಟ್ಕೊಳ್ತಿದ್ದ. ಬ್ಯಾಂಕಿನ ನೋಟು ಅವನ ಮಂಡಿ ಕೆಳಗೆ ಸೇರ್ತಿತ್ತು. ಮುಂಬೈ ಕೊಂಡವನು ಕಾಲ ಮೇಲೆ ಕಾಲು ಹಾಕಿ ಕೂರ್ತಿದ್ದ, ಉಳಿದವರು ಬಾಡಿಗೆ ಕಟ್ಟಿ ಕಟ್ಟಿ ಬರಿಗೈ ಆಗ್ತಿದ್ದರು. ಕೊನೆಗೆ ಆಟ ಮುಗೀತಿದ್ದದ್ದು ಅಳುವಿನಲ್ಲಿ, ಇಲ್ಲಾ ಜಗಳದಲ್ಲಿ!

ಆ ಜಗಳ ಆಗಲಿ ಅಂತಲೇ ಈ ಆಟವನ್ನು ಹುಟ್ಟುಹಾಕಿದ್ದು ಅಂದ್ರೆ ನಂಬ್ತೀರಾ?

ನಮ್ಮ ಬಿಸಿನೆಸ್ ಆಟದ ತಾಯಿಬೇರು ಇರೋದು ಅಮೆರಿಕದ ಮೊನಾಪಲಿಯಲ್ಲಿ. ಆ ಹಲಗೆಯ ಮೇಲೆ ಒಟ್ಟು 40 ಚೌಕಗಳು. 22 ಬೀದಿಗಳು, 4 ರೈಲ್ವೆಗಳು, ಒಂದು ವಿದ್ಯುತ್ ಕಂಪನಿ, ಒಂದು ನೀರಿನ ಕಂಪನಿ, ಎರಡು ತೆರಿಗೆ, ಅದೃಷ್ಟದ ಚೀಟಿಗೆ ಆರು. ನಾಲ್ಕು ಮೂಲೆಯಲ್ಲಿ ಹೊರಡುವ ಜಾಗ, ಜೈಲು, ಉಚಿತ ಪಾರ್ಕಿಂಗ್ ಮತ್ತು ‘ಜೈಲಿಗೆ ಹೋಗು’ ಅನ್ನೋ ಅಪ್ಪಣೆ. ಇಷ್ಟೇ. ಆದರೆ ಒಂದೊಂದು ಚೌಕ ಕೆದಕಿದರೂ ಒಂದೊಂದು ಇತಿಹಾಸ ಮೇಲೆ ಬರುತ್ತೆ.

ಆಟದ ಡಬ್ಬಿ ದಶಕಗಳ ಕಾಲ ಹೇಳಿದ ಕಥೆ ಒಂದಿದೆ. ಚಾರ್ಲ್ಸ್ ಡ್ಯಾರೋ ಅನ್ನುವಾತ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಹಾಗೇ ಕೂತವನಿಗೆ ಈ ಆಟ ಹೊಳೀತು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನು ಕೊಂಡಿತು, ಡ್ಯಾರೋ ಕೋಟ್ಯಧೀಶನಾದ. ಬಡವ ತಲೆ ಓಡಿಸಿ ಶ್ರೀಮಂತನಾದ ಕಥೆ ಯಾರಿಗೆ ಬೇಡ? ಎಲ್ಲರೂ ನಂಬಿದರು.

ಆದರೆ ಸತ್ಯ ಬೇರೆ ಇತ್ತು ಸ್ವಾಮಿ.

ಡ್ಯಾರೋಗಿಂತ ಮೂರು ದಶಕ ಹಿಂದೆ, 1904ರ ಜನವರಿಯಲ್ಲಿ, ಎಲಿಜಬೆತ್ ಮ್ಯಾಗೀ ಎಂಬ ಮಹಿಳೆಗೆ ಒಂದು ಪೇಟೆಂಟ್ ಸಿಕ್ಕಿತ್ತು. ಜನ ಆಕೆಯನ್ನು ಕರೆಯುತ್ತಿದ್ದದ್ದು ಲಿಜ್ಜೀ ಅಂತ. ಶೀಘ್ರಲಿಪಿಗಾರ್ತಿಯಾಗಿ ದುಡಿದಾಕೆ. ಅಮೆರಿಕದ ಹೆಣ್ಣುಮಕ್ಕಳಿಗೆ ದೇಶದುದ್ದಕ್ಕೂ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೂ 16 ವರ್ಷ ಮೊದಲೇ ಈಕೆಯ ಕೈಯಲ್ಲಿ ಪೇಟೆಂಟ್! ಆಟದ ಹೆಸರು ‘ಲ್ಯಾಂಡ್‌ಲಾರ್ಡ್ಸ್ ಗೇಮ್’. ಅಂದರೆ ಜಮೀನ್ದಾರನ ಆಟ.

ಆಕೆಯ ತಲೆಯಲ್ಲಿದ್ದದ್ದು ಹೆನ್ರಿ ಜಾರ್ಜ್ ಎಂಬ ಚಿಂತಕನ ಮಾತು. ಭೂಮಿ ಯಾರೂ ಮಾಡಿದ್ದಲ್ಲ. ಊರು ಬೆಳೆದಂತೆ ಅದರ ಬೆಲೆ ಏರುತ್ತೆ. ಏರಿಸಿದ್ದು ದುಡಿಯುವ ಜನ, ಜೇಬಿಗಿಳಿಸೋದು ಸುಮ್ಮನೆ ಕೂತ ಮಾಲೀಕ. ಹಾಗಾಗಿ ಭೂಮಿಯ ಬೆಲೆಯ ಮೇಲೆ ತೆರಿಗೆ ಹಾಕಿ, ಬೆವರಿನ ಮೇಲೆ ಬೇಡ ಅನ್ನೋದು ಆತನ ವಾದ. ಇದನ್ನು ಭಾಷಣದಲ್ಲಿ ಹೇಳಿದರೆ ಎಷ್ಟು ಜನ ಕೇಳ್ತಾರೆ? ಆಟದಲ್ಲಿ ಹೇಳೋಣ ಅಂತ ಹೊರಟಳು ಲಿಜ್ಜೀ.

ಆಕೆಯ ಹಲಗೆ ನೋಡಿ. ಇವತ್ತು ನಾವು ದಾಟಿದಾಗಲೆಲ್ಲ ದುಡ್ಡು ಸಿಗುವ ಮೂಲೆ ಇದೆಯಲ್ಲ, ಅಲ್ಲಿ ಆಕೆ ಬರೆದಿದ್ದ ಅರ್ಥ ಇದು: ಭೂತಾಯಿಯ ಮೇಲೆ ದುಡಿದರೆ ಕೂಲಿ ಹುಟ್ಟುತ್ತೆ. ಇನ್ನೊಂದು ಮೂಲೆ ಲಂಡನ್ನಿನ ಒಬ್ಬ ಕಾಲ್ಪನಿಕ ಪ್ರಭುವಿನ ಆಸ್ತಿ, ಒಳಗೆ ಕಾಲಿಟ್ಟರೆ ನೇರ ಜೈಲು! ಸಾಲದಲ್ಲಿ ಮುಳುಗಿದವನಿಗೆ ಅನಾಥಾಲಯದ ಹಾಗೆ ಒಂದು ಬಡವರ ಮನೆಯೂ ಇತ್ತು. ಆಮೇಲಾಮೇಲೆ ಎರಡು ಬಗೆಯ ನಿಯಮಗಳೂ ಬಂದವು. ಒಂದರಲ್ಲಿ ಒಬ್ಬ ಗೆದ್ದು ಉಳಿದವರೆಲ್ಲ ದಿವಾಳಿ. ಇನ್ನೊಂದರಲ್ಲಿ ಸಂಪತ್ತು ಹುಟ್ಟಿದರೆ ಎಲ್ಲರಿಗೂ ಪಾಲು. ಜನ ಎರಡನ್ನೂ ಆಡಿ, ಹೋಲಿಸಿ ನೋಡಲಿ ಅನ್ನೋದು ಆಕೆಯ ಆಸೆ. ಜನ ಯಾವುದನ್ನು ಇಟ್ಕೊಂಡರು? ಬೇರೆ ಹೇಳಬೇಕಾ?

ಆಟ ಬಾಯಿಂದ ಬಾಯಿಗೆ ಹರಡಿತು. ಕಾಲೇಜುಗಳಲ್ಲಿ ಕೈಯಲ್ಲೇ ಹಲಗೆ ಬರೆದು ಆಡಿದರು. ಒಂದೊಂದು ಊರಿನವರು ತಮ್ಮ ಬೀದಿಗಳ ಹೆಸರು ಹಾಕ್ಕೊಂಡರು. 1930ರ ಆಸುಪಾಸಿನಲ್ಲಿ ಅದು ನ್ಯೂಜೆರ್ಸಿಯ ಕಡಲತೀರದ ಅಟ್ಲಾಂಟಿಕ್ ಸಿಟಿಗೆ ಬಂತು. ಅಲ್ಲಿನ ಕ್ವೇಕರ್ ಪಂಥದ ಗೆಳೆಯರು, ಅವರಲ್ಲಿ ರೂತ್ ಹಾಸ್ಕಿನ್ಸ್ ಎಂಬ ಶಿಕ್ಷಕಿ, ತಮ್ಮ ಊರಿನ ಬೀದಿಗಳನ್ನೇ ಚೌಕಗಳಿಗೆ ಇಳಿಸಿದರು. ಇವತ್ತಿಗೂ ಇರೋದು ಆ ಹೆಸರುಗಳೇ.

ಬೆಲೆ ನೋಡಿ. ಬೋರ್ಡ್‌ವಾಕ್‌ಗೆ 400 ಡಾಲರ್. ಸಮುದ್ರದಂಚಿನ ಮರದ ಹಾದಿ, ದೊಡ್ಡ ಹೋಟೆಲುಗಳ ಸಾಲು. ಮೆಡಿಟರೇನಿಯನ್, ಬಾಲ್ಟಿಕ್ ಅವೆನ್ಯೂಗಳಿಗೆ ಬರೀ 60. ಯಾಕೆ? ಆ ಭಾಗದಲ್ಲಿದ್ದವರು ಕಪ್ಪು ಜನ. ಬೋರ್ಡ್‌ವಾಕ್ ಹೋಟೆಲುಗಳಲ್ಲಿ ಅಡುಗೆ ಮಾಡಿದವರು, ಹಾಸಿಗೆ ಹಾಸಿದವರು, ಸಾಮಾನು ಹೊತ್ತವರು. ಆಟವಾಡುತ್ತಿದ್ದ ಒಂದು ಮನೆಯವರ ಕೆಲಸದಾಕೆಯೇ ಬಾಲ್ಟಿಕ್ ಅವೆನ್ಯೂನಲ್ಲಿ ವಾಸವಿದ್ದಳಂತೆ. ಆ ಊರಿನಲ್ಲಿದ್ದ ಮೇಲು ಕೀಳು ಹಾಗೇ ಹಲಗೆ ಮೇಲೆ ಅಚ್ಚಾಯ್ತು.

ಲೆಕ್ಕವನ್ನೂ ನೋಡಿಬಿಡಿ. ಮೆಡಿಟರೇನಿಯನ್‌ನ ಖಾಲಿ ಜಾಗಕ್ಕೆ ಬಾಡಿಗೆ 2 ಡಾಲರ್. ಹಾಕಿದ ದುಡ್ಡು ಹುಟ್ಟಬೇಕಾದರೆ 30 ಸಲ ಯಾರಾದರೂ ಬಂದು ಕೂರಬೇಕು. ಬೋರ್ಡ್‌ವಾಕ್ ಬಾಡಿಗೆ 50. ಎಂಟೇ ಸಲ ಸಾಕು! ಉಳ್ಳವನ ಜಾಗ ಇನ್ನಷ್ಟು ಉಳ್ಳವನನ್ನಾಗಿ ಮಾಡುತ್ತೆ. ಲಿಜ್ಜೀ ಹೇಳ್ತಿದ್ದದ್ದೂ ಇದನ್ನೇ ಅಲ್ವಾ?

ಇನ್ನು ಕಳ್ಳ ಸಿಕ್ಕಿಬಿದ್ದದ್ದು ಹೇಗೆ ಅಂತೀರಾ? ಅಕ್ಷರದೋಷದಿಂದ. ಪಕ್ಕದ ಮಾರ್ಗೇಟ್ ಊರಿನಲ್ಲಿ ಮಾರ್ವೆನ್ ಗಾರ್ಡನ್ಸ್ ಅನ್ನೋ ಬಡಾವಣೆ ಇದೆ. ಡ್ಯಾರೋಗೆ ಆಟ ಕಲಿಸಿದ ಪರಿಚಯದವರು ತಮ್ಮ ಹಲಗೆಯಲ್ಲಿ ಅದನ್ನು ತಪ್ಪಾಗಿ ಮಾರ್ವಿನ್ ಅಂತ ಬರೆದಿದ್ದರು. ಡ್ಯಾರೋ ಹಲಗೆಯಲ್ಲೂ ಅದೇ ಮಾರ್ವಿನ್! ಪರೀಕ್ಷೆಯಲ್ಲಿ ಪಕ್ಕದವನ ತಪ್ಪನ್ನೂ ಸೇರಿಸಿ ನಕಲು ಹೊಡೆದ ಹುಡುಗನ ಹಾಗೆ.

ಲಿಜ್ಜೀಗೆ ಸಿಕ್ಕಿದ್ದೇನು? 1935ರಲ್ಲಿ ಕಂಪನಿ ಆಕೆಯ ಪೇಟೆಂಟ್ ಕೊಂಡಿತು. 500 ಡಾಲರ್, ಅಷ್ಟೇ. ಮಾರಾಟದಲ್ಲಿ ಪಾಲು ಇಲ್ಲ. ಆಕೆಯ ಹಲಗೆಯ ಮೇಲೆ ಬೋರ್ಡ್‌ವಾಕ್‌ನಲ್ಲಿ ಒಂದು ಹೋಟೆಲ್ ಇದ್ದಿದ್ದರೆ ಒಂದೇ ಸಲಕ್ಕೆ 2000 ಬಾಡಿಗೆ ಬರ್ತಿತ್ತು! ಆಕೆ ಪತ್ರಿಕೆಗಳ ಮುಂದೆ ಸಿಟ್ಟು ತೋಡಿಕೊಂಡಳು, ಯಾರೂ ಕಿವಿಗೊಡಲಿಲ್ಲ. 1948ರಲ್ಲಿ ತೀರಿಕೊಂಡಳು.

ಆಕೆಯ ಹೆಸರು ಮತ್ತೆ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ‘ಆ್ಯಂಟಿ ಮೊನಾಪಲಿ’ ಅನ್ನೋ ಆಟ ತಂದರು. ಕಂಪನಿ ಹೆಸರಿನ ವಿಚಾರಕ್ಕೆ ಮೇಲೆ ಬಿತ್ತು. ಕೇಸಿನ ನಡುವೆ, 1977ರಲ್ಲಿ, ಅವರ ಸಾವಿರಾರು ಡಬ್ಬಿಗಳನ್ನು ಮಿನ್ನೆಸೋಟದಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿದರು. ಮೇಷ್ಟ್ರು ಬಿಡಲಿಲ್ಲ. ಆಟ ಹುಟ್ಟಿದ್ದೆಲ್ಲಿ ಅಂತ ಹುಡುಕುತ್ತಾ ಹೋದವರಿಗೆ ಲಿಜ್ಜೀ ಪೇಟೆಂಟ್ ಸಿಕ್ಕಿತು, ಹಳೇ ಕ್ವೇಕರ್ ಆಟಗಾರರೂ ಸಿಕ್ಕರು. ಸುಮಾರು ಹತ್ತು ವರ್ಷ ಹೋರಾಡಿ ಗೆದ್ದರು. ಡಬ್ಬಿಗಳನ್ನು ಮಣ್ಣಿಗೆ ಹಾಕಿದರು, ಮಣ್ಣಿನೊಳಗಿದ್ದ ಸತ್ಯ ಮೇಲೆ ಬಂತು.

ಬಾಡಿಗೆ ಎಷ್ಟು ಕ್ರೂರ ಅಂತ ಮಕ್ಕಳಿಗೆ ಗೊತ್ತಾಗಲಿ ಅಂತ ಒಬ್ಬಾಕೆ ಆಟ ಕಟ್ಟಿದಳು. ನಾವು ಅದರಿಂದ ಕಲಿತದ್ದು ಬಾಡಿಗೆ ವಸೂಲಿ ಮಾಡೋದನ್ನ. ಆಕೆಯ ಆಸ್ತಿಯನ್ನೇ ಇನ್ನೊಬ್ಬ ತನ್ನ ಹೆಸರಿಗೆ ಬರೆಸಿಕೊಂಡು ಬಾಡಿಗೆ ತಿಂದ.

ಮುಂದಿನ ರಜೆಯಲ್ಲಿ ಮಕ್ಕಳು ದಾಳ ಉರುಳಿಸಲಿ, ಬೇಡ ಅನ್ನಲ್ಲ. ಆದರೆ ಸೋತು ಅಳುವ ಪುಟ್ಟಿಗೆ ‘ನಿನಗೆ ಆಡೋಕೆ ಬರಲ್ಲ’ ಅಂತ ಮಾತ್ರ ಹೇಳಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಲಿಜ್ಜೀ ಕಥೆ ಹೇಳಿ. ಆ ಅಳು ಬರಲಿ ಅಂತಲೇ ಆಕೆ ಈ ಆಟ ಮಾಡಿದ್ದು.