ಬ್ಯಾಟರಿಯ ಭಾರ, ಟೈರಿನ ಲೆಕ್ಕ: ಲಂಡನ್ ಟ್ಯಾಕ್ಸಿಯಿಂದ ಮುಂಬೈ ಮಳೆಯವರೆಗೆ

ವಿಡಿಯೋದಲ್ಲಿ ಹೇಳಿದ್ದನ್ನ ಓದೋಕೆ ಅನುಕೂಲ ಆಗ್ಲಿ ಅಂತ ಇಲ್ಲಿ ಬರೆದು ಹಾಕ್ತಾ ಇದ್ದೀವಿ. ಇವತ್ತಿನ ವಿಷಯ ಟೈರು. ಇತಿಹಾಸದ ಚಾನೆಲ್‌ನಲ್ಲಿ ಟೈರಿಗೇನು ಕೆಲಸ ಅಂತ ಕೇಳಬಹುದು. ಮುಂಬೈಯಲ್ಲಿ, ಥಾಣೆಯಲ್ಲಿ, ಡೊಂಬಿವಲಿಯಲ್ಲಿ ಎಲೆಕ್ಟ್ರಿಕ್ ಕಾರು ಕೊಂಡವರು ಈಗ ಮೊದಲ ಸಲ ಟೈರ್ ಬದಲಾಯಿಸುವ ಹೊತ್ತಿಗೆ ಬಂದಿದ್ದಾರೆ. "ಪೆಟ್ರೋಲ್ ಖರ್ಚು ಉಳೀತು, ಆದ್ರೆ ಟೈರು ಇಷ್ಟು ಬೇಗ ಯಾಕೆ ಸವೀತು?" ಅನ್ನೋದು ಅವರ ಪ್ರಶ್ನೆ. ಈ ಪ್ರಶ್ನೆಗೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ನೋಡಿ.

1897ರ ಲಂಡನ್‌ಗೆ ಹೋಗೋಣ. ವಾಲ್ಟರ್ ಬರ್ಸಿ ಎಂಬ ತರುಣ ಎಂಜಿನಿಯರ್ ಅಲ್ಲಿ ವಿದ್ಯುತ್ ಟ್ಯಾಕ್ಸಿಗಳನ್ನು ಬೀದಿಗಿಳಿಸಿದ. ಕುದುರೆ ಇಲ್ಲ, ಹೊಗೆ ಇಲ್ಲ. ಗುಂಯ್‌ಗುಡುವ ಸದ್ದು ಕೇಳಿ ಜನ ಅವಕ್ಕೆ ಹಮ್ಮಿಂಗ್‌ಬರ್ಡ್ ಅಂತ ಹಕ್ಕಿಯ ಹೆಸರನ್ನೇ ಇಟ್ಟರು. ಆದರೆ ಒಳಗಿದ್ದದ್ದು ಸೀಸದ ಬ್ಯಾಟರಿ, ವಿಪರೀತ ತೂಕ. ಆ ಭಾರಕ್ಕೆ ಟೈರ್‌ಗಳು ಬೇಗ ಸವೆದವು, ರಸ್ತೆಯ ಕುಲುಕಾಟಕ್ಕೆ ಬ್ಯಾಟರಿಗಳು ಹಾಳಾದವು. ರಿಪೇರಿ ಖರ್ಚು ತಡೆಯಲಾರದೆ 1899ರ ಹೊತ್ತಿಗೆ ಆ ಟ್ಯಾಕ್ಸಿಗಳು ಮೂಲೆ ಸೇರಿದವು.

ಅದೇ 1899ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಹತ್ತಿರ ಇನ್ನೊಂದು ಘಟನೆ. ಬೆಲ್ಜಿಯಂನ ಕಮಿಲ್ ಜೆನಾಟ್ಸಿ ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ. ರಸ್ತೆಯ ವಾಹನವೊಂದು ಈ ಗೆರೆ ದಾಟಿದ್ದು ಅದೇ ಮೊದಲು. ಆ ಕಾರು ಪೆಟ್ರೋಲಿನದ್ದಲ್ಲ, ವಿದ್ಯುತ್ತಿನದ್ದು! ಅದರ ಚಕ್ರಕ್ಕಿದ್ದದ್ದು ಮಿಶೆಲಿನ್‌ನ ಗಾಳಿ ತುಂಬಿದ ಟೈರ್. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ಟೈರ್ ಕಟ್ಟಿ ಪೇಟೆಂಟ್ ಪಡೆದದ್ದು 1888ರಲ್ಲಿ. ಹನ್ನೊಂದೇ ವರ್ಷದಲ್ಲಿ ಅದು ಈ ಮಟ್ಟ ಮುಟ್ಟಿತ್ತು. ಅಂದರೆ ಎಲೆಕ್ಟ್ರಿಕ್ ಗಾಡಿಯ ಸೋಲಲ್ಲೂ ಗೆಲುವಲ್ಲೂ ಟೈರು ಮೊದಲ ದಿನದಿಂದಲೇ ಪಾಲುದಾರ.

ಈಗ ನಮ್ಮ ಮುಂಬೈಗೆ ಬನ್ನಿ. 1907ರಲ್ಲಿ ಇಲ್ಲಿ ವಿದ್ಯುತ್ ಟ್ರಾಮ್ ಶುರುವಾಯಿತು. ಕಬ್ಬಿಣದ ಗಾಲಿ, ಕಬ್ಬಿಣದ ಹಳಿ, ಕರೆಂಟು ಮೇಲಿನ ತಂತಿಯಿಂದ. ಬ್ಯಾಟರಿ ಹೊರೋದೂ ಇಲ್ಲ, ಟೈರಿನ ಚಿಂತೆಯೂ ಇಲ್ಲ. ಅದು 1964ರವರೆಗೆ ಓಡಿತು. ಈ ನಡುವೆ, 1962ರಲ್ಲಿ, ಬೆಸ್ಟ್ ಸಂಸ್ಥೆ ಗೋವಾಲಿಯಾ ಟ್ಯಾಂಕ್‌ನಿಂದ ಮಜಗಾಂವ್‌ವರೆಗೆ ಟ್ರಾಲಿಬಸ್ ಬಿಟ್ಟಿತು. ರಬ್ಬರ್ ಟೈರ್ ಮೇಲೆ ಓಡುವ ವಿದ್ಯುತ್ ಬಸ್ಸು ಈ ಊರಿನಲ್ಲಿ ಆಗಲೇ ಇತ್ತು, ಗೊತ್ತಾ? 1971ರಲ್ಲಿ ಅದೂ ನಿಂತಿತು.

ಇನ್ನೊಂದು ತಮಾಷೆ ಕೇಳಿ. 1958ರಲ್ಲಿ ಟಾಟಾ ಸಮೂಹದ ಜೊತೆಗೂಡಿ ಇಟಲಿಯ ಸಿಯೆಟ್ ಕಂಪನಿ ಇಲ್ಲಿ ಕಾಲೂರಿತು, ಭಾಂಡುಪ್‌ನಲ್ಲಿ ಅದರ ಟೈರ್ ಕಾರ್ಖಾನೆ ಬಂತು. ಸಿಯೆಟ್ ಅನ್ನೋದು ನಾಲ್ಕು ಇಟಾಲಿಯನ್ ಪದಗಳ ಮೊದಲ ಅಕ್ಷರ. ಅರ್ಥ, "ಟ್ಯೂರಿನ್‌ನ ವಿದ್ಯುತ್ ಕೇಬಲ್ ಮತ್ತು ಸಂಬಂಧಿತ ವಸ್ತುಗಳು". ಕೇಬಲ್ ಕಂಪನಿಯ ಹೆಸರು ಹೊತ್ತು ಭಾಂಡುಪ್‌ನಲ್ಲಿ ಟೈರ್ ತಯಾರಾಯಿತು. ಈಗ ಅದೇ ಹೆಸರಿನಲ್ಲಿ ಎಲೆಕ್ಟ್ರಿಕ್ ಕಾರಿಗೆಂದೇ ಟೈರ್ ಬರುತ್ತಿದೆ. ಚಕ್ರ ಒಂದು ಸುತ್ತು ಬಂದ ಹಾಗಾಯಿತು.

ಭಾರತದಲ್ಲಿ ಸಾಮಾನ್ಯರ ಕೈಗೆ ಎಲೆಕ್ಟ್ರಿಕ್ ಕಾರು ತಂದದ್ದು ನಮ್ಮ ಬೆಂಗಳೂರು. 2001ರಲ್ಲಿ ಚೇತನ್ ಮೈನಿ ಅವರ ರೇವಾ ಬಂತು. ಪುಟ್ಟ ಕಾರು, ಪುಟ್ಟ ಟೈರು, ಸೀಸದ ಬ್ಯಾಟರಿ. ಭಾರ ತಡೆಯಲು ಅವರು ಕಂಡುಕೊಂಡ ದಾರಿ ಕಾರನ್ನೇ ಚಿಕ್ಕದು ಮಾಡೋದು. ಇವತ್ತಿನ ಲಿಥಿಯಂ ಕಾರುಗಳು ಹಾಗಲ್ಲ. 2020ರ ಟಾಟಾ ನೆಕ್ಸಾನ್ ಇವಿ ಸುಮಾರು 1,400 ಕಿಲೋ ತೂಗುತ್ತಿತ್ತು, ಅದೇ ಹೆಸರಿನ ಪೆಟ್ರೋಲ್ ಕಾರಿಗಿಂತ ನೂರು ಕಿಲೋಗೂ ಹೆಚ್ಚು. ತಿರುಚುಬಲ, ಅಂದರೆ ಟಾರ್ಕ್, ಪೆಟ್ರೋಲಿನದ್ದರಲ್ಲಿ 170 ನ್ಯೂಟನ್ ಮೀಟರ್, ಇದರಲ್ಲಿ 245. ಅದೂ ಪೆಡಲ್ ಒತ್ತಿದ ಕ್ಷಣದಲ್ಲೇ ಪೂರ್ತಿ ಸಿಗುತ್ತೆ. ಸಿಗ್ನಲ್ ಹಸಿರಾದಾಗಲೆಲ್ಲ ಜಿಗಿದರೆ ಮೋಟಾರ್ ಇರುವ ಕಡೆಯ ಟೈರ್ ರಸ್ತೆಗೆ ಉಜ್ಜಿ ಸವೆಯುತ್ತೆ. ಬರ್ಸಿಯ ಟ್ಯಾಕ್ಸಿಗಿದ್ದ ಭಾರದ ಕಷ್ಟದ ಜೊತೆಗೆ ಈಗ ಈ ಜಿಗಿತವೂ ಸೇರಿದೆ.

ಹಾಗಾದ್ರೆ ಹೊಸ ಟೈರ್ ಆರಿಸೋದು ಹೇಗೆ? ಟೈರಿನ ಪಕ್ಕದಲ್ಲಿ 215/60 ಆರ್16 95 ಎಚ್ ಅಂತ ಏನೋ ಬರೆದಿರುತ್ತೆ. ಎಲ್ಲರೂ ಅಳತೆ ನೋಡ್ತಾರೆ, ಕೊನೆಯ ಸಂಖ್ಯೆ ಬಿಡ್ತಾರೆ. ಆ 95 ಅಂದರೆ ಒಂದು ಟೈರ್ 690 ಕಿಲೋ ಹೊರಬಲ್ಲದು ಅಂತ. 91 ಇದ್ದರೆ 615 ಕಿಲೋ ಮಾತ್ರ. ಅಳತೆ ಸರಿಯಾಗಿದೆ, ಬೆಲೆ ಕಡಿಮೆ ಅಂತ ಈ ಸಂಖ್ಯೆಯಲ್ಲಿ ಕೆಳಗಿಳಿಯಲೇಬೇಡಿ. ನಿಮ್ಮ ಕಾರಿನ ಬಾಗಿಲ ಬಳಿಯ ಚೀಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುವುದು ಕನಿಷ್ಠ ಮಟ್ಟ.

ಎರಡನೆಯದು ಮೈಲೇಜಿನ ಮೋಹ. ಟೈರ್ ಉರುಳುವಾಗ ಕಳೆದುಹೋಗುವ ಶಕ್ತಿ ಕಡಿಮೆ ಇದ್ದಷ್ಟೂ ಒಂದು ಚಾರ್ಜಿಗೆ ಹೆಚ್ಚು ದೂರ. ಹಿಂದೆ ಹೀಗೆ ಉಳಿಸಲು ಹೋದರೆ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತಿತ್ತು. 1990ರ ದಶಕದಲ್ಲಿ ಮಿಶೆಲಿನ್ ರಬ್ಬರಿಗೆ ಸಿಲಿಕಾ ಬೆರೆಸಿದ ಮೇಲೆ ಎರಡನ್ನೂ ತಕ್ಕಮಟ್ಟಿಗೆ ಜೊತೆಗೂಡಿಸಲು ಸಾಧ್ಯವಾಯಿತು. ಆದರೂ ಉಳಿತಾಯ, ಹಿಡಿತ, ಬಾಳಿಕೆ ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತೆ. ನಮ್ಮ ದೇಶದಲ್ಲೂ 2022ರಲ್ಲಿ ಈ ಉರುಳುವ ತಡೆ, ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿಗೆ ಕನಿಷ್ಠ ಮಾನದಂಡ ತಂದರು.

ಮುಂಬೈಯವರು ಆರಿಸಬೇಕಾದದ್ದು ಯಾವುದನ್ನ? ನನ್ನ ಮಾತು ಸ್ಪಷ್ಟ: ಒದ್ದೆ ಹಿಡಿತವನ್ನ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಹಿಂದ್‌ಮಾತಾದಲ್ಲಿ ನೀರು ನಿಲ್ಲೋದು ಎಲ್ಲರೂ ಕಂಡದ್ದೇ. ಅಷ್ಟು ನೀರಿದ್ದರೆ ಯಾರೂ ವೇಗವಾಗಿ ಹೋಗಲ್ಲ, ಅಪಾಯ ಇರೋದು ಹೆದ್ದಾರಿಯ ತೆಳು ನೀರಿನ ಪದರದಲ್ಲಿ. ಟೈರಿನ ಗೀರುಗಳು ಆ ನೀರನ್ನ ಪಕ್ಕಕ್ಕೆ ತಳ್ಳಬೇಕು. ಗೀರು ಸವೆದಿದ್ದರೆ ಭಾರದ ಕಾರು ನೀರಿನ ಮೇಲೆ ತೇಲಿ ಜಾರುತ್ತೆ, ಸ್ಟೀರಿಂಗ್ ಕೈಗೆ ಸಿಗಲ್ಲ. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ಆದರೆ ಮೇ ತಿಂಗಳಲ್ಲಿ ಅದು 3ರ ಆಸುಪಾಸಿಗೆ ಬಂದಿದ್ದರೆ ಮಳೆಗಾಲ ಮುಗಿಯಲಿ ಅಂತ ಕಾಯಬೇಡಿ. ಹದಿನೈದು ಕಿಲೋಮೀಟರ್ ಹೆಚ್ಚು ಓಡಿದರೆ ಉಳಿಯೋದು ಒಂದಿಷ್ಟು ಕರೆಂಟು, ಬ್ರೇಕ್ ಹಿಡಿದಾಗ ಉಳಿಯೋದು ಮುಂದೆ ದಾಟುತ್ತಿರುವವರ ಜೀವ.

ಹೊಸ ಟೈರ್ ಹಾಕಿದ ವಾರ "ರೇಂಜ್ ಇಳೀತು" ಅಂತ ಗಾಬರಿಯಾಗೋರೂ ಇದ್ದಾರೆ. ಹಳೇ ಟೈರ್ ತೆಳುವಾಗಿರುತ್ತೆ, ಉರುಳುವಾಗ ಕಡಿಮೆ ಬಾಗುತ್ತೆ. ಹೊಸದರ ರಬ್ಬರು ದಪ್ಪ, ಹಾಗಾಗಿ ಸ್ವಲ್ಪ ಹೆಚ್ಚು ಶಕ್ತಿ ಬೇಡುತ್ತೆ. ಟೈರ್ ಅಥವಾ ಬ್ಯಾಟರಿ ಕೆಟ್ಟಿದೆ ಅಂತ ತಕ್ಷಣ ತೀರ್ಮಾನ ಬೇಡ.

ಉಳಿದದ್ದು ದಿನನಿತ್ಯದ ಕೆಲಸ. ಹದಿನೈದು ದಿನಕ್ಕೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಹೆಚ್ಚೂಕಡಿಮೆ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನದ್ದು ಮುಂದೆ, ಮುಂದಿನದ್ದು ಹಿಂದೆ ಮಾಡಿಸಿ. ಪಂಕ್ಚರ್ ಅಂಗಡಿಯಲ್ಲಿ ಜ್ಯಾಕ್ ಇಡುವಾಗ ಪಕ್ಕದಲ್ಲೇ ನಿಲ್ಲಿ. ಕಾರಿನ ಹೊಟ್ಟೆಯಡಿ ಪೂರ್ತಿ ಬ್ಯಾಟರಿ ಇದೆ, ಕಂಪನಿ ಗುರುತು ಮಾಡಿದ ಜಾಗದಲ್ಲೇ ಜ್ಯಾಕ್ ಕೂರಬೇಕು.

ಬರ್ಸಿಯ ಕಾಲಕ್ಕೆ ಟೈರಿನ ಖರ್ಚನ್ನು ಮೊದಲೇ ಲೆಕ್ಕ ಹಿಡಿಯದ್ದು ಒಂದು ಒಳ್ಳೇ ಗಾಡಿಯನ್ನೇ ಮುಳುಗಿಸೋಕೆ ಕೈಜೋಡಿಸಿತು. ಪೆಟ್ರೋಲಿನಲ್ಲಿ ಉಳಿದ ದುಡ್ಡಲ್ಲಿ ಪ್ರತಿ ತಿಂಗಳು ಒಂದು ಪಾಲು ಟೈರಿಗೆ ಅಂತ ಎತ್ತಿಡಿ. ನಿಮ್ಮ ಮೊದಲ ಸೆಟ್ ಎಷ್ಟು ಕಿಲೋಮೀಟರ್ ಬಂತು, ಯಾವ ರಸ್ತೆಯಲ್ಲಿ ಓಡಿತು ಅಂತ ತಿಳಿಸಿ.