ಸಾರದೆ ಉಳಿದ ಸುದ್ದಿ: ಜಾವಾಸ್ಕ್ರಿಪ್ಟ್ ಇವೆಂಟ್ ಬಸ್‌ನ ಒಂದು ಮಿತಿ, ಹುಬ್ಬಳ್ಳಿ-ಧಾರವಾಡದ ನೀರಿನ ಸಂದೇಶಗಳ ಬೆಳಕಿನಲ್ಲಿ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಲ್ಲುತ್ತಾಳೆ. ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಹೋಗುವ ನೀರಿನಲ್ಲಿ ದೊಡ್ಡ ಪಾಲು ಅಲ್ಲಿಯದು. ಆ ಅವಳಿ ನಗರದಲ್ಲಿ ಹಲವು ದಿನಕ್ಕೊಮ್ಮೆ, ಕೆಲವೇ ತಾಸು ನೀರು ಬಿಡುತ್ತಿದ್ದ ಓಣಿಗಳಲ್ಲಿ ನೀರು ಯಾವಾಗ ಬಂದೀತು ಎಂಬುದು ವಾಲ್ವ್ ತಿರುವುವ ಸಿಬ್ಬಂದಿಗಷ್ಟೇ ಖಚಿತವಾಗಿ ತಿಳಿದಿರುತ್ತಿತ್ತು. 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಈ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಲು ಅಲ್ಲಿ ಒಂದು ವ್ಯವಸ್ಥೆ ಕಟ್ಟಿತು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದ ಸಂಸ್ಥೆ ಅದು. ವಾಲ್ವ್‌ಮನ್ ಒಂದು ನಂಬರಿಗೆ ಕರೆ ಮಾಡಿ ಯಾವ ವಾಲ್ವ್ ಎಂದು ತಿಳಿಸಬೇಕಿತ್ತು. ಆ ವಾಲ್ವಿನ ವ್ಯಾಪ್ತಿಯಲ್ಲಿ ಹೆಸರು ನೋಂದಾಯಿಸಿದ ಮನೆಗಳಿಗೆ ಎಸ್‌ಎಂಎಸ್ ಹೋಗುತ್ತಿತ್ತು. ಕರೆ ಮಾಡುವವನಿಗೆ ಸುದ್ದಿ ಯಾರಿಗೆ ಮುಟ್ಟುತ್ತದೆ ಎಂಬುದು ಗೊತ್ತಿರಬೇಕಿರಲಿಲ್ಲ, ಸುದ್ದಿ ಪಡೆಯುವವರಿಗೆ ಕರೆ ಮಾಡಿದವರು ಯಾರೆಂಬುದೂ ಬೇಕಿರಲಿಲ್ಲ. ಕಂಪ್ಯೂಟರ್ ವಿಜ್ಞಾನ ಪಬ್ಲಿಷ್-ಸಬ್‌ಸ್ಕ್ರೈಬ್ ಎಂದು ಕರೆಯುವ ಸಂದೇಶಪದ್ಧತಿ ಇದೇ.

ಇದೇ ಪದ್ಧತಿ ಜಾವಾಸ್ಕ್ರಿಪ್ಟ್ ಅಪ್ಲಿಕೇಶನ್ನಿನ ಒಳಗೆ ಇವೆಂಟ್ ಬಸ್ ಎಂಬ ರೂಪದಲ್ಲಿ ಬಳಕೆಯಲ್ಲಿದೆ. ನಡುವೆ ಒಂದು ವಸ್ತು ಇರುತ್ತದೆ. ಒಂದು ಘಟಕ ಅದರಲ್ಲಿ ಹೆಸರಿಟ್ಟು ಸುದ್ದಿ ಸಾರುತ್ತದೆ, ಆ ಹೆಸರಿಗೆ ಚಂದಾದಾರರಾದ ಘಟಕಗಳು ಕೇಳಿಸಿಕೊಳ್ಳುತ್ತವೆ. ಬಸ್ ಸಾರುವವರನ್ನೂ ಕೇಳುವವರನ್ನೂ ಬಿಡಿಸಿಡುತ್ತದೆ ಎಂಬ ಮಾತು ಪಠ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಬಿಡುಗಡೆಗೆ ತೆರುವ ಬೆಲೆ ಮೌನದ ಅಸ್ಪಷ್ಟತೆ ಎಂಬುದು ಈ ಲೇಖನದ ವಾದ. ಸುದ್ದಿ ಬರಲಿಲ್ಲ ಎಂದರೆ ಏನೂ ನಡೆಯಲಿಲ್ಲವೋ, ನಡೆದದ್ದನ್ನು ಯಾರೂ ಸಾರಲಿಲ್ಲವೋ, ಸಾರಿದಾಗ ಕೇಳುವವರೇ ಇರಲಿಲ್ಲವೋ ಎಂದು ಬಸ್ ತಾನಾಗಿ ಹೇಳುವುದಿಲ್ಲ. ನೀರಿನ ಸಂದೇಶಗಳ ಅನುಭವ ಈ ದೋಷವನ್ನು ಬರಿಯ ಕೋಡ್ ಓದಿದಾಗ ಕಾಣುವುದಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಬಿಡಿಸಿಡುವುದು ಎಂದರೇನು ಎಂಬುದನ್ನು ಪ್ಯಾಟ್ರಿಕ್ ಯೂಗ್‌ಸ್ಟರ್ ಮತ್ತು ಸಂಗಡಿಗರು 2003ರ ತಮ್ಮ ಸಮೀಕ್ಷಾ ಪ್ರಬಂಧದಲ್ಲಿ ಮೂರಾಗಿ ವಿಂಗಡಿಸಿದರು. ಮೊದಲನೆಯದು ಸ್ಥಳದ ಬಿಡುಗಡೆ: ಒಬ್ಬರಿಗೊಬ್ಬರ ಪರಿಚಯ ಬೇಡ. ಎರಡನೆಯದು ಕಾಲದ ಬಿಡುಗಡೆ: ಇಬ್ಬರೂ ಏಕಕಾಲಕ್ಕೆ ಹಾಜರಿರಬೇಕಿಲ್ಲ. ಮೂರನೆಯದು ನಡೆಯ ಬಿಡುಗಡೆ: ಸಾರಿದವರು ಕೇಳುವವರ ಕೆಲಸ ಮುಗಿಯುವ ತನಕ ಕಾಯಬೇಕಿಲ್ಲ. ನೀರಿನ ಎಸ್‌ಎಂಎಸ್ ವ್ಯವಸ್ಥೆಯಲ್ಲಿ ಈ ಮೂರೂ ಇದ್ದವು. ಫೋನ್ ಆಫ್ ಆಗಿದ್ದರೂ ಸಂದೇಶ ಜಾಲದಲ್ಲಿ ಕೆಲಕಾಲ ಕಾಯ್ದಿರುತ್ತದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಬಸ್‌ನಲ್ಲಿ ಇರುವುದು ಮೊದಲನೆಯದು ಮಾತ್ರ, ಮತ್ತು ಇದನ್ನು ಬಹಳಷ್ಟು ಪಠ್ಯಗಳು ಸ್ಪಷ್ಟವಾಗಿ ಹೇಳುವುದಿಲ್ಲ.

ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನ ಇವೆಂಟ್‌ಎಮಿಟರ್ ಅನ್ನೇ ನೋಡಬಹುದು. ಎಮಿಟ್ ಎಂದು ಕರೆದ ಕೂಡಲೆ ಅದು ಚಂದಾದಾರ ಫಂಕ್ಷನ್‌ಗಳನ್ನು ನೋಂದಣಿಯಾದ ಕ್ರಮದಲ್ಲಿ, ಒಂದಾದ ಮೇಲೊಂದರಂತೆ, ಅಲ್ಲೇ ಓಡಿಸುತ್ತದೆ. ಎಲ್ಲವೂ ಮುಗಿದ ಮೇಲಷ್ಟೇ ಎಮಿಟ್‌ನ ಮುಂದಿನ ಸಾಲಿಗೆ ಹೋಗುವುದು. ನಡುವಿನ ಒಂದು ಫಂಕ್ಷನ್ ದೋಷ ಎಸೆದರೆ ಅದು ಸಾರಿದವರ ತಲೆಗೇ ಬಂದು ಬೀಳುತ್ತದೆ, ಸರದಿಯಲ್ಲಿ ಹಿಂದಿದ್ದವರಿಗೆ ಸುದ್ದಿ ಮುಟ್ಟುವುದೇ ಇಲ್ಲ. ಬ್ರೌಸರಿನ ಇವೆಂಟ್‌ಟಾರ್ಗೆಟ್ ಕೂಡ ಡಿಸ್ಪ್ಯಾಚ್ ಆದಾಗ ಅಲ್ಲೇ, ಆಗಲೇ ಓಡಿಸುತ್ತದೆ. ಆದರೆ ಒಂದು ಫಂಕ್ಷನ್ ಮುಗ್ಗರಿಸಿದರೆ ದೋಷವನ್ನು ವರದಿ ಮಾಡಿ ಉಳಿದವನ್ನು ಓಡಿಸುತ್ತಲೇ ಇರುತ್ತದೆ. ಒಂದೇ ಭಾಷೆಯ ಎರಡು ಬಸ್‌ಗಳ ನಡುವಿನ ಈ ವ್ಯತ್ಯಾಸ ಸಣ್ಣದಲ್ಲ. ಸರ್ವರಿನಲ್ಲಿ ಬರೆದ ಕೋಡನ್ನು ಬ್ರೌಸರಿಗೆ ತಂದಾಗ ಯಾರ ತಪ್ಪು ಯಾರನ್ನು ಉರುಳಿಸುತ್ತದೆ ಎಂಬುದೇ ಬದಲಾಗುತ್ತದೆ.

ಕಾಲದ ಬಿಡುಗಡೆಯಂತೂ ಎರಡರಲ್ಲೂ ಇಲ್ಲ. ಸುದ್ದಿ ಸಾರಿದ ಮರುಕ್ಷಣ ನೋಂದಣಿಯಾದ ಘಟಕಕ್ಕೆ ಆ ಸುದ್ದಿ ಸಿಗದು. ಕೇಳುವವರಿಲ್ಲದಿದ್ದರೆ ಸಾರಿದವರಿಗಾದರೂ ತಿಳಿಯುತ್ತದೆಯೇ? ಇವೆಂಟ್‌ಎಮಿಟರ್‌ನ ಎಮಿಟ್ ಯಾರೂ ಇಲ್ಲದಾಗ ಫಾಲ್ಸ್ ಎಂದು ಉತ್ತರ ಕೊಡುತ್ತದೆ. ಆ ಉತ್ತರವನ್ನು ಪರೀಕ್ಷಿಸುವ ಕೋಡ್ ಕಾಣಸಿಗುವುದು ಅಪರೂಪ. ಬ್ರೌಸರಿನ ಡಿಸ್ಪ್ಯಾಚ್ ಕೊಡುವ ಉತ್ತರ ಬೇರೆ ಸಂಗತಿಗೆ ಸಂಬಂಧಿಸಿದ್ದು, ಕೇಳುಗರ ಹಾಜರಿಗಲ್ಲ. ಬ್ರೌಸರಿನಲ್ಲಿ ಬಳಕೆಯಲ್ಲಿರುವ ಮಿಟ್ ಎಂಬ ಪುಟ್ಟ ಗ್ರಂಥಾಲಯ ಏನನ್ನೂ ಹಿಂದಿರುಗಿಸುವುದಿಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬಸ್ ಅದನ್ನು ಹೊಸ ಹೆಸರೆಂದೇ ಒಪ್ಪಿಕೊಂಡು ಸುಮ್ಮನಿರುತ್ತದೆ.

2020ರ ಸೆಪ್ಟೆಂಬರಿನಲ್ಲಿ ಬಂದ, ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಚೌಕಟ್ಟಾದ ವ್ಯೂ 3 ತನ್ನ ಹಿಂದಿನ ಆವೃತ್ತಿಯಲ್ಲಿ ಬಸ್ ಕಟ್ಟಲು ಜನ ಬಳಸುತ್ತಿದ್ದ ಆನ್, ಆಫ್, ಒನ್ಸ್ ಎಂಬ ವಿಧಾನಗಳನ್ನು ತೆಗೆದುಹಾಕಿತು. ಬೇಕಿದ್ದವರು ಮಿಟ್‌ನಂಥ ಹೊರಗಿನ ಗ್ರಂಥಾಲಯ ಬಳಸಲಿ, ಆದರೆ ಇಡೀ ಅಪ್ಲಿಕೇಶನ್ನಿಗೆ ಒಂದೇ ಬಸ್ ಇಡುವುದು ಕಾಲಕ್ರಮೇಣ ನಿರ್ವಹಣೆಗೆ ಭಾರವಾಗುತ್ತದೆ ಎಂದು ಅದರ ಮಾರ್ಗದರ್ಶಿ ಎಚ್ಚರಿಸಿತು. ಎಚ್ಚರಿಕೆ ಸರಿಯಾದದ್ದು. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಪತ್ತೆಹಚ್ಚುವುದು ಕಷ್ಟ ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ನನ್ನ ಮಟ್ಟಿಗೆ ಅದಕ್ಕಿಂತ ಆಳವಾದ ಕಾರಣ ಸಾರುವವರ ಕಡೆಗಿದೆ.

ಅದಕ್ಕಾಗಿ ಮತ್ತೆ ನೀರಿಗೇ ಬರಬೇಕು. ನೆಕ್ಸ್ಟ್‌ಡ್ರಾಪ್ ಮುಂದೆ ಬೆಂಗಳೂರಿಗೂ ಹೋಯಿತು. ಬರ್ಕ್ಲಿಯ ಸಂಶೋಧಕರು ಅಲ್ಲಿ ಕ್ಷೇತ್ರ ಅಧ್ಯಯನ ನಡೆಸಿ 2018ರಲ್ಲಿ ವರ್ಲ್ಡ್ ಡೆವಲಪ್‌ಮೆಂಟ್ ಪತ್ರಿಕೆಯಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಸರಪಳಿ ಸಡಿಲವಾದದ್ದು ಅದರ ಮೊದಲ ಕೊಂಡಿಯಲ್ಲೇ: ವಾಲ್ವ್‌ಮನ್‌ಗಳ ವರದಿ ಏಕಪ್ರಕಾರವಾಗಿರಲಿಲ್ಲ. ಕೆಲವರು ತಪ್ಪದೆ ತಿಳಿಸುತ್ತಿದ್ದರು, ಕೆಲವರು ತಿಳಿಸುತ್ತಿರಲಿಲ್ಲ. ಮನೆಯ ಹೊಣೆ, ದುಡ್ಡಿನ ಒತ್ತಡಗಳಿಗೂ ಇದಕ್ಕೂ ನಂಟಿತ್ತು. ಇದನ್ನು ಅವರ ಸೋಮಾರಿತನವೆಂದು ಓದುವುದು ಅನ್ಯಾಯ. ವಾಲ್ವ್ ತಿರುವುವುದು ಅವರ ನೌಕರಿ. ಫೋನ್ ಮಾಡುವುದು ಅದರ ಮೇಲೆ ಹೊರಿಸಿದ ಇನ್ನೊಂದು ಕೆಲಸ. ಫೋನ್ ಮಾಡದಿದ್ದರೂ ನೀರು ಹರಿಯುತ್ತಿತ್ತು. ಸುದ್ದಿ ಕಾಯುವ ಮನೆಯವರು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಏಕೆಂದರೆ ವ್ಯವಸ್ಥೆ ಇಬ್ಬರನ್ನೂ ಉದ್ದೇಶಪೂರ್ವಕವಾಗಿಯೇ ಬಿಡಿಸಿಟ್ಟಿತ್ತು.

ಕೋಡಿನಲ್ಲೂ ಇದೇ ಆಗುತ್ತದೆ. ಸ್ಥಿತಿಯನ್ನು ಬದಲಿಸುವ ಸಾಲು ಒಂದು, ಬದಲಾಯಿತೆಂದು ಸಾರುವ ಸಾಲು ಇನ್ನೊಂದು. ಆರು ತಿಂಗಳ ನಂತರ ಬೇರೊಬ್ಬರು ಅದೇ ಸ್ಥಿತಿಯನ್ನು ಬದಲಿಸುವ ಹೊಸ ಫಂಕ್ಷನ್ ಬರೆಯುತ್ತಾರೆ, ಎರಡನೆಯ ಸಾಲು ಬಿಟ್ಟುಹೋಗುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಲ್ಲೂ ದೋಷ ವರದಿಯಾಗುವುದಿಲ್ಲ, ಪರದೆಯ ಯಾವುದೋ ಮೂಲೆಯಲ್ಲಿ ಹಳೆಯ ಅಂಕಿ ಉಳಿದುಬಿಡುತ್ತದೆ.

ಪರಿಹಾರಕ್ಕೆ ಬೆಳಗಾವಿಯ ಒಂದು ಉದಾಹರಣೆ ನೋಡೋಣ. ಇಲ್ಲಿನ ಶಿವಬಸವ ನಗರದಲ್ಲಿ ನೀರಾವರಿ ತಜ್ಞ ಎಸ್. ಜಿ. ಬಾಳೇಕುಂದ್ರಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಈ ಊರೇ. ನೀರು ಮತ್ತು ಕೋಡ್ ಎರಡನ್ನೂ ಒಟ್ಟಿಗೆ ಯೋಚಿಸಲು ತಕ್ಕ ಜಾಗ. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಕುಡಿಯುವ ಈ ನಗರದ ಒಂದು ಬಡಾವಣೆಗೆ ನೀರಿನ ವೇಳೆ ತೋರಿಸುವ ವೆಬ್ ಪುಟ ಕಟ್ಟುತ್ತೇವೆಂದು ಇಟ್ಟುಕೊಳ್ಳೋಣ. ನಕ್ಷೆ, ಪಟ್ಟಿ, ಎಚ್ಚರಿಕೆಯ ಗಂಟೆ ಎಂಬ ಮೂರು ಘಟಕಗಳು ಒಂದೇ ಬಸ್‌ಗೆ ಚಂದಾದಾರರು. ವಾಲ್ವ್ ತೆರೆಯಿತು ಎಂಬ ಸುದ್ದಿ ಬೆಳಿಗ್ಗೆ ಆರಕ್ಕೆ ಬಂತು; ಓದುಗರು ನಕ್ಷೆಯನ್ನು ತೆರೆದದ್ದು ಆರೂ ಕಾಲಿಗೆ. ಬರಿಯ ಇವೆಂಟ್ ಬಸ್‌ನಲ್ಲಿ ನಕ್ಷೆ ವಾಲ್ವ್ ಮುಚ್ಚಿದೆ ಎಂದೇ ತೋರಿಸುತ್ತದೆ. ಆದ್ದರಿಂದ ವಾಲ್ವಿನ ಸ್ಥಿತಿಯನ್ನು ಘಟನೆಯಾಗಿ ಸಾರಿ ಮರೆಯದೆ ಒಂದೆಡೆ ಇಟ್ಟುಕೊಳ್ಳಬೇಕು. 2015ರಲ್ಲಿ ಬಂದ ರಿಡಕ್ಸ್ ಎಂಬ ಸ್ಥಿತಿನಿರ್ವಹಣೆಯ ಗ್ರಂಥಾಲಯದಲ್ಲಿ ಆಗುವುದು ಇದೇ. ಸ್ಥಿತಿ ಬದಲಿಸಲು ಡಿಸ್ಪ್ಯಾಚ್ ಒಂದೇ ದಾರಿ, ಚಂದಾದಾರರಿಗೆ ಸುದ್ದಿ ಹೋಗುವುದೂ ಅದೇ ಕ್ರಿಯೆಯ ಭಾಗವಾಗಿ. ಸಾರುವುದನ್ನು ಮರೆಯಲು ಅಲ್ಲಿ ಅವಕಾಶವಿಲ್ಲ; ತಡವಾಗಿ ಬಂದವರು ಈಗಿನ ಸ್ಥಿತಿಯನ್ನು ಕೇಳಿ ಪಡೆಯಬಹುದು.

ಇಷ್ಟಾದರೂ ಹೊರಗಿನಿಂದ ಬರುವ ಸುದ್ದಿ ನಿಂತುಹೋದರೆ ಏನು? ಇಲ್ಲಿ ಎಂಕ್ಯೂಟಿಟಿಯಿಂದ ಕಲಿಯುವುದಿದೆ. ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಉಪಗ್ರಹದ ಮೂಲಕ ತೈಲದ ಕೊಳವೆಮಾರ್ಗಗಳ ಮೇಲೆ ನಿಗಾ ಇಡಲು ರೂಪಿಸಿದ ಪಬ್ಲಿಷ್-ಸಬ್‌ಸ್ಕ್ರೈಬ್ ಪ್ರೋಟೊಕಾಲ್ ಅದು. ದೂರದ ಕೊಳವೆಯ ಮೌನ ಎಷ್ಟು ಅಪಾಯಕಾರಿ ಎಂದು ಬಲ್ಲವರ ಕೃತಿ. ಸಾರುವವರು ಸಂಪರ್ಕಕ್ಕೆ ಬರುವಾಗಲೇ ಒಂದು ಕೊನೆಯ ಮಾತನ್ನು ಸರ್ವರಿಗೆ ಕೊಟ್ಟಿರುತ್ತಾರೆ. ಒಪ್ಪಿಕೊಂಡ ಅವಧಿಯ ಒಂದೂವರೆ ಪಟ್ಟು ಹೊತ್ತು ಅವರಿಂದ ಏನೂ ಬಾರದಿದ್ದರೆ ಸರ್ವರ್ ಸಂಪರ್ಕ ಕಡಿದು ಆ ಮಾತನ್ನು ಎಲ್ಲ ಚಂದಾದಾರರಿಗೆ ಸಾರುತ್ತದೆ. ಅಳಿಸದೆ ಉಳಿಸಿದ ಕೊನೆಯ ಸಂದೇಶವನ್ನು ಹೊಸ ಚಂದಾದಾರರಿಗೆ ಕೊಡುವ ಏರ್ಪಾಡೂ ಅದರಲ್ಲಿದೆ.

ಈ ಎರಡನ್ನೂ ಬ್ರೌಸರಿನ ಬಸ್‌ಗೆ ತರಲು ಹೆಚ್ಚು ಕೋಡ್ ಬೇಕಿಲ್ಲ. ಪ್ರತಿ ಸುದ್ದಿಗೆ ಸಾರಿದ ವೇಳೆಯನ್ನೂ ಅದು ಎಲ್ಲಿಯತನಕ ನಂಬಲರ್ಹ ಎಂಬ ಗಡುವನ್ನೂ ಸೇರಿಸಬೇಕು. ಗಡುವು ಮೀರಿದರೆ ಪುಟ ಹಳೆಯ ಉತ್ತರವನ್ನು ತೆಗೆದು, ಮಾಹಿತಿ ಬಂದಿಲ್ಲ ಎಂದು ಬರೆದು ತೋರಿಸಬೇಕು. ಒಂದು ಎಚ್ಚರಿಕೆ ಅಗತ್ಯ: ಬ್ರೌಸರುಗಳು ಮರೆಯಲ್ಲಿರುವ ಟ್ಯಾಬ್‌ಗಳ ಟೈಮರುಗಳನ್ನು ನಿಧಾನಿಸುತ್ತವೆ, ಕ್ರೋಮ್‌ನಲ್ಲಿ ಅದು ನಿಮಿಷಕ್ಕೊಮ್ಮೆಯ ಮಟ್ಟಕ್ಕೂ ಇಳಿಯಬಹುದು. ಹಾಗಾಗಿ ಟೈಮರನ್ನು ಎಣಿಸಿ ಗಡುವು ಅಳೆಯಬಾರದು. ಟ್ಯಾಬ್ ಮತ್ತೆ ಕಣ್ಣಿಗೆ ಬಿದ್ದಾಗ ಗಡಿಯಾರದ ವೇಳೆಯನ್ನೇ ಹೋಲಿಸಿ ನೋಡಬೇಕು.

ಉಳಿದವು ಗೊತ್ತಿರುವ ಶಿಸ್ತುಗಳೇ. ಸುದ್ದಿಗಳ ಹೆಸರುಗಳೆಲ್ಲ ಒಂದೇ ಕಡತದಲ್ಲಿರಲಿ; ಟೈಪ್‌ಸ್ಕ್ರಿಪ್ಟ್ ಬಳಸುವವರು ಹೆಸರಿಗೂ ಸಂದೇಶದ ಆಕಾರಕ್ಕೂ ನಂಟು ಹಾಕಿದರೆ ಅಕ್ಷರದೋಷ ಬರೆಯುವಾಗಲೇ ಸಿಕ್ಕಿಬೀಳುತ್ತದೆ. ಘಟಕ ಪರದೆಯಿಂದ ಹೋದಾಗ ಅದರ ಚಂದಾ ರದ್ದಾಗಬೇಕು; ಬ್ರೌಸರಿನಲ್ಲಿ ಅಬಾರ್ಟ್‌ಸಿಗ್ನಲ್ ಒಂದನ್ನು ನೋಂದಣಿಯ ಹೊತ್ತಿಗೇ ಕೊಟ್ಟರೆ ಎಲ್ಲವೂ ಒಟ್ಟಿಗೆ ಕಳಚುತ್ತವೆ. ನೋಡ್‌ಜೆಎಸ್ ಒಂದು ಹೆಸರಿಗೆ ಹತ್ತಕ್ಕಿಂತ ಹೆಚ್ಚು ಕೇಳುಗರಾದಾಗ ಎಚ್ಚರಿಸುವುದು ಹೀಗೆ ಕಳಚದೆ ಉಳಿದವರನ್ನು ಹಿಡಿಯಲೆಂದೇ. ಆ ಎಚ್ಚರಿಕೆ ಬಂದಾಗ ಮಿತಿಯನ್ನು ಏರಿಸಿ ಬಾಯಿ ಮುಚ್ಚಿಸುವವರಿದ್ದಾರೆ. ಮೊದಲು ಕಾರಣ ಹುಡುಕಬೇಕು.

ಉತ್ತರ ಬೇಕಾದ ಪ್ರಶ್ನೆಗೆ ಮಾತ್ರ ಬಸ್ ಬೇಡ. ನಾಳೆ ನಮ್ಮ ಓಣಿಗೆ ನೀರು ಬಿಡುತ್ತೀರಾ ಎಂಬಂಥ ಪ್ರಶ್ನೆಯನ್ನು ಬಸ್‌ನಲ್ಲಿ ಸಾರಿ, ಉತ್ತರಕ್ಕೆಂದು ಇನ್ನೊಂದು ಹೆಸರಿಗೆ ಚಂದಾದಾರರಾಗುವ ಕೋಡನ್ನು ಜನ ಬರೆಯುತ್ತಾರೆ. ಉತ್ತರ ಕೊಡಬೇಕಾದವರು ಒಬ್ಬರೇ ಎಂದು ಗೊತ್ತಿರುವಾಗ ಅವರನ್ನು ಹೆಸರು ಹಿಡಿದು, ಫಂಕ್ಷನ್ ಆಗಿ ಕರೆಯಬೇಕು. ಆಗ ಅವರು ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ಹಾಗೆಂದು ಹೇಳುತ್ತದೆ.