ಅಣುವೀರನ ಕವಚ

ಮಹಾಭಾರತದ ಕರ್ಣನು ಕವಚ ತೊಟ್ಟೇ ಹುಟ್ಟಿದನೆಂಬುದನ್ನು ವಾಚಕರು ಬಲ್ಲಿರಿ. ಆ ಕವಚವು ಅವನ ಪ್ರಾಣವನ್ನು ಕಾಯುವುದಕ್ಕಾಗಿ ಇದ್ದಿತು. ಆದರೆ ತನ್ನಿಂದ ಇತರರಿಗೆ ಅಪಾಯವಾಗದಿರಲೆಂದು ಕವಚ ತೊಟ್ಟ ವೀರನೊಬ್ಬನು ಅಮೆರಿಕದ ಮಕ್ಕಳ ಚಿತ್ರಕಥೆಗಳಲ್ಲಿದ್ದಾನೆ. ಅವನೇ ಕ್ಯಾಪ್ಟನ್ ಆಟಂ.

ಇವನ ಮೊದಲ ಕಥೆ ಚಾರ್ಲ್ಟನ್ ಸಂಸ್ಥೆಯ ಪತ್ರಿಕೆಯೊಂದರ 1960ರ ಮಾರ್ಚ್ ಸಂಚಿಕೆಯಲ್ಲಿ ಬಂದಿತು. ಬರೆದವನು ಜೋ ಗಿಲ್. ಚಿತ್ರಿಸಿದವನು ಸ್ಟೀವ್ ಡಿಟ್ಕೊ. ರಾಕೆಟ್ಟಿನೊಳಗೆ ಸಿಕ್ಕಿಕೊಂಡ ತಂತ್ರಜ್ಞನೊಬ್ಬನು ಅಂತರಿಕ್ಷದಲ್ಲಿ ಅಣುಬಾಂಬು ಸಿಡಿದು ಕಣಕಣವಾಗಿ ಹೋಗುತ್ತಾನೆ. ಬಳಿಕ ಮತ್ತೆ ಮೈತಾಳಿ ಬರುತ್ತಾನೆ. ಅಪಾರವಾದ ಬಲವೇನೋ ದೊರೆಯಿತು. ಆದರೆ ಅವನ ಮೈಯಿಂದ ಹೊಮ್ಮುವ ವಿಕಿರಣವು ಹತ್ತಿರ ನಿಂತವರಿಗೆ ಮಾರಕ. ಅದನ್ನು ತಡೆಯುವುದಕ್ಕೆಂದೇ ಅವನು ಲೋಹದ ಉಡುಪನ್ನು ತೊಡಬೇಕಾಯಿತು.

ಈ ಭಯವು ಬರಿಯ ಕಲ್ಪನೆಯೆ? ಅಲ್ಲ. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಜಲಜನಕ ಬಾಂಬನ್ನು ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ಹಡಗಿನ 23 ಮಂದಿಯ ಮೇಲೆ ಬಿಳಿಯ ಬೂದಿ ಉದುರಿತು. ಎಲ್ಲರೂ ಕಾಯಿಲೆ ಬಿದ್ದರು. ಕುಬೊಯಾಮ ಎಂಬುವನು ಸೆಪ್ಟೆಂಬರ್ 23ರಂದು ತೀರಿಕೊಂಡನು. ಆ ಬೆಸ್ತರಿಗೆ ಬಲವೂ ಬರಲಿಲ್ಲ, ಕವಚವೂ ಇರಲಿಲ್ಲ.

1963ರ ಆಗಸ್ಟ್ 5ರಂದು ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಈ ಮೂರು ರಾಷ್ಟ್ರಗಳು ವಾಯುಮಂಡಲ, ಅಂತರಿಕ್ಷ ಮತ್ತು ನೀರಿನೊಳಗಣ ಅಣುಪರೀಕ್ಷೆಗಳನ್ನು ನಿಲ್ಲಿಸಲು ಮಾಸ್ಕೋದಲ್ಲಿ ಸಹಿ ಹಾಕಿದವು. ನೆಲದೊಳಗಿನ ಪರೀಕ್ಷೆಗಳು ಮಾತ್ರ ಆ ಒಪ್ಪಂದದ ಹೊರಗೇ ಉಳಿದವು.

ಕವಚ ತೊಡಬೇಕಾದವನು ದುರ್ಬಲನಲ್ಲ, ಬಲಶಾಲಿಯೇ. ಮಕ್ಕಳ ಕಥೆಯು ಮೂರು ವರ್ಷ ಮೊದಲೇ ಹೇಳಿದ ಈ ಮಾತನ್ನು ದೊಡ್ಡ ರಾಷ್ಟ್ರಗಳು ಅರ್ಧವಾದರೂ ಕೇಳಿದುವೆನ್ನಬೇಕು.